ಹನ್ನೊಂದು ದಿನದ ಅಳತೆ

ಸೆಪ್ಟೆಂಬರ್ 2

ಅಪ್ಪಾ,

ಪತ್ರ ಬಂದಿದೆ ಎಂದು ಗಾಬರಿ ಆಗಬೇಡಿ. ಏನೂ ಆಗಿಲ್ಲ, ನಾನು ಚೆನ್ನಾಗಿದ್ದೇನೆ. ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿಮ್ಮ ಕ್ಯಾಂಪ್ ಆಫೀಸಿನ ಫೋನಿನ ಪಕ್ಕದಲ್ಲೇ ಗುಮಾಸ್ತರು ಕೂತಿರುತ್ತಾರೆ, ನೀವು 'ಊಟ ಆಯ್ತಾ' ಅನ್ನುತ್ತೀರಿ, ನಾನು 'ಆಯ್ತು, ನಿಮ್ದು' ಅನ್ನುತ್ತೇನೆ, ಆಮೇಲೆ ಇಬ್ಬರೂ ರಿಸೀವರ್ ಹಿಡಿದುಕೊಂಡು ಸುಮ್ಮನೆ ನಿಂತಿರುತ್ತೇವೆ. ಮೊದಲು ನಡುವೆ ಅಮ್ಮ ಇದ್ದಳು. 'ಅಪ್ಪ ಹೀಗಂದ್ರು', 'ಅವಳು ಹಾಗಂದ್ಲು' ಎಂದು ಎರಡೂ ಕಡೆಯ ಮಾತನ್ನು ಅವಳೇ ಆಡಿ ಮುಗಿಸುತ್ತಿದ್ದಳು. ಅವಳು ಹೋಗಿ ಇವತ್ತಿಗೆ ಇಪ್ಪತ್ನಾಲ್ಕು ದಿನ.

ವಿಷಯ ಏನೆಂದರೆ ಅಸೈನ್‌ಮೆಂಟ್. ಹಾಜರಿ ನಂಬರಿನ ಪ್ರಕಾರ ಟಾಪಿಕ್ ಹಂಚಿದರು. ನನ್ನ ರೂಮ್‌ಮೇಟ್‌ಗೆ ಸೇತುವೆ ಬಂತು, ನನಗೆ 'ಸುರಂಗಗಳ ವಿಧಗಳು'. ಕ್ಲಾಸಿನಲ್ಲಿ ಎಲ್ಲರೂ ನನ್ನದು ಲಕ್ಕು ಅಂದರು, ಅಪ್ಪ ಸುರಂಗದಲ್ಲೇ ಇದ್ದಾರಲ್ಲ ಎಂದು. ನನಗೆ ಟೆನ್ಷನ್ ಜಾಸ್ತಿ ಆಯಿತು, ಏಕೆಂದರೆ ಈಗ ತಪ್ಪು ಬರೆದರೆ ಮರ್ಯಾದೆ ಹೋಗುವುದು ನನ್ನದೊಂದೇ ಅಲ್ಲ. ವಿಧಗಳನ್ನು ಪುಸ್ತಕ ನೋಡಿ ಬರೆಯಬಹುದು. ಆದರೆ ಒಂದು ನಿಜವಾದ ಸುರಂಗದ ಅಳತೆಗಳನ್ನು ಹಾಕಿ ಗ್ರಾಫ್ ಬರೆಯಲೇಬೇಕಂತೆ. ನಿಮ್ಮ ಅಳತೆ ಪುಸ್ತಕದಿಂದ ಕೆಲವು ಪುಟ ಕಳಿಸುತ್ತೀರಾ? 25ಕ್ಕೆ ಸಬ್‌ಮಿಟ್ ಮಾಡಬೇಕು.

ನನ್ನ ಕನ್ನಡ ಹಾಸ್ಟೆಲ್ ಕನ್ನಡ, ಅರ್ಧಕ್ಕರ್ಧ ಇಂಗ್ಲಿಷ್. ಅಡ್ಜಸ್ಟ್ ಮಾಡಿಕೊಳ್ಳಿ.

ಇನ್ನೊಂದು. ನೀವು ಮೂರನೇ ದಿನಕ್ಕೇ ಕೆಲಸಕ್ಕೆ ಹೊರಟಾಗ ದೊಡ್ಡಮ್ಮ 'ಅವರ ಮನಸ್ಸು ಗಟ್ಟಿ ಬಿಡು' ಎಂದರು. ನಾನು ಏನೂ ಹೇಳಲಿಲ್ಲ. ಈಗಲೂ ಹೇಳುತ್ತಿಲ್ಲ.

ನಿಮ್ಮ ಮಗಳು


ಸೆಪ್ಟೆಂಬರ್ 9

ಮರಿ,

ಪತ್ರ ನಿನ್ನೆ ಸಿಕ್ಕಿತು. ಇಲ್ಲಿ ಅಂಚೆ ತರುವ ಗಾಡಿ ವಾರಕ್ಕೆ ಎರಡು ಸಲ ಬರುತ್ತದೆ.

ವಿಧಗಳನ್ನು ಕೇಳಿದ್ದೀಯ. ನಾನು ಕೆಲಸ ಮಾಡಿದವುಗಳನ್ನು ಹೇಳುತ್ತೇನೆ. ಊರೊಳಗೆ ರಸ್ತೆಯ ಕೆಳಗಾದರೆ ಮೇಲಿನಿಂದಲೇ ಕಾಲುವೆಯ ಹಾಗೆ ಅಗೆದು, ಒಳಗೆ ಪೆಟ್ಟಿಗೆ ಕಟ್ಟಿ, ಮತ್ತೆ ಮಣ್ಣು ಮುಚ್ಚುತ್ತಾರೆ. ಮೊದಲ ಮೂರು ವರ್ಷ ನಾನು ಮಾಡಿದ್ದು ಅದನ್ನೇ. ಅಂಗಡಿಯವರ ಬೈಗುಳ ತಿನ್ನುವುದೇ ಅಲ್ಲಿ ಅರ್ಧ ಕೆಲಸ. ಗಟ್ಟಿ ಬಂಡೆಯಾದರೆ ತೂತು ಕೊರೆದು ಸಿಡಿಮದ್ದು ತುಂಬಿ ಒಡೆಯುವುದು. ಉದ್ದ ಹೆಚ್ಚಿದ್ದು ನೆಲ ಒಂದೇ ಥರ ಇದ್ದರೆ ದೊಡ್ಡ ಕೊರೆಯುವ ಯಂತ್ರ ತರುತ್ತಾರೆ. ಅದು ಮುಂದೆ ಕೊರೆಯುತ್ತ ಹೋದಂತೆ ಹಿಂದೆ ಕಾಂಕ್ರೀಟ್ ಬಳೆಗಳನ್ನು ತೊಡಿಸುತ್ತ ಹೋಗುತ್ತದೆ. ರೈಲು ಹಳಿಯ ಕೆಳಗಾದರೆ ರೈಲು ನಿಲ್ಲಿಸುವಂತಿಲ್ಲ, ಆದ್ದರಿಂದ ಸಿದ್ಧವಾದ ಪೆಟ್ಟಿಗೆಯನ್ನು ಪಕ್ಕದಿಂದ ಜಾಕ್ ಹಾಕಿ ತಳ್ಳುತ್ತಾರೆ. ನೀರಿನ ತಳದಲ್ಲಾದರೆ ಕೊಳವೆಗಳನ್ನು ದಡದಲ್ಲಿ ಕಟ್ಟಿ, ತೇಲಿಸಿಕೊಂಡು ಹೋಗಿ, ಮುಳುಗಿಸಿ ಜೋಡಿಸುತ್ತಾರೆ. ಅದನ್ನು ನಾನು ನೋಡಿಲ್ಲ.

ಈಗಿನದು ಮೆದು ಮಣ್ಣು. ಪೂರ್ತಿ ಅಗಲಕ್ಕೆ ಒಮ್ಮೆಲೇ ಅಗೆದರೆ ನಿಲ್ಲುವುದಿಲ್ಲ. ಎಡಗಡೆಯ ಅರ್ಧ ಮೊದಲು ಅಗೆದು ಸಿಮೆಂಟ್ ಎರಚಿ ಗಟ್ಟಿ ಮಾಡಿದೆವು. ಆ ಅರ್ಧಕ್ಕೆ ಬಲಗಡೆಯಲ್ಲಿ ಒಂದು ತಾತ್ಕಾಲಿಕ ಗೋಡೆ. ಆಮೇಲೆ ಬಲಗಡೆಯ ಅರ್ಧ. ಈಗ ಆ ಗೋಡೆ ಎರಡರ ನಡುವೆ ನಿಂತಿದೆ. ಮಣ್ಣು ಒತ್ತುವುದು ನಿಂತಿದೆ ಎಂದು ಖಾತ್ರಿ ಆದ ಮೇಲೆ ಅದನ್ನು ಒಡೆದು ಎರಡನ್ನೂ ಒಂದು ಮಾಡುತ್ತಾರೆ. ಖಾತ್ರಿ ಮಾಡುವುದು ನನ್ನ ಕೆಲಸ. ಎದುರುಬದುರು ಗೋಡೆಗಳಿಗೆ ಕೊಕ್ಕೆ ಬಡಿದಿದೆ. ಅವುಗಳ ನಡುವೆ ಉಕ್ಕಿನ ಟೇಪು ಬಿಗಿದು, ಅದರ ಮಾಪಕದ ಮುಳ್ಳು ತೋರಿಸಿದ ದೂರವನ್ನು ಬರೆಯಬೇಕು. ದಿನಕ್ಕೆ ಮೂರು ಸಲ ಅಳೆದು ಮೂರನ್ನೂ ಬರೆಯಬೇಕು. ಒಬ್ಬನೇ ಮಾಡುವ ಕೆಲಸ. ಮೂವತ್ತು ದಿನದಲ್ಲಿ ಗೋಡೆಗಳು ಒಟ್ಟು ಮೂರು ಮಿಲಿಮೀಟರಿಗಿಂತ ಕಡಿಮೆ ಹತ್ತಿರ ಬಂದಿದ್ದರೆ ನಡುಗೋಡೆ ಒಡೆಯಬಹುದು. ಪುಸ್ತಕದ ಲೆಕ್ಕದಲ್ಲಿ ಇದುವರೆಗೆ ಒಂದು ಚಿಲ್ಲರೆ ಮಿಲಿಮೀಟರ್ ಬಂದಿದೆ. ಅಕ್ಟೋಬರ್ ಮೊದಲ ವಾರ ಒಡೆಯುತ್ತಾರೆ.

ನಮ್ಮ ಮೇಸ್ತ್ರಿಯನ್ನು ಕೇಳಿದರೆ ಸುರಂಗದಲ್ಲಿ ಎರಡೇ ವಿಧ ಅನ್ನುತ್ತಾನೆ. ಕಕ್ಕಸು ಹತ್ತಿರ ಇರುವುದು, ದೂರ ಇರುವುದು. ಅದನ್ನು ಬರೆಯಬೇಡ.

ಸೆಪ್ಟೆಂಬರ್ ಪುಟಗಳನ್ನು ಜೆರಾಕ್ಸ್ ಮಾಡಿ ಎಂದು ಗುಮಾಸ್ತರಿಗೆ ಹೇಳಿದ್ದೆ. ಮಗಳು ಇಂಜಿನಿಯರ್ ಆಗುತ್ತಾಳೆ ಎಂದು ಉತ್ಸಾಹದಲ್ಲಿ ಆಗಸ್ಟ್ ಒಂದರಿಂದಲೇ ಮಾಡಿ, ಲಕೋಟೆಯನ್ನೂ ಅಂಟಿಸಿಬಿಟ್ಟಿದ್ದಾರೆ. ಈ ಹಾಳೆಯನ್ನು ಬೇರೆ ಲಕೋಟೆಯಲ್ಲಿ ಹಾಕುತ್ತಿದ್ದೇನೆ. ಆಗಸ್ಟ್ ನಿನಗೆ ಬೇಕಾಗಲಿಕ್ಕಿಲ್ಲ. ಸೆಪ್ಟೆಂಬರಿನದಷ್ಟೇ ಹಾಕು.

ಬೆಳಿಗ್ಗೆ ಏನಾದರೂ ತಿಂದು ಕ್ಲಾಸಿಗೆ ಹೋಗು.

ಅಪ್ಪ


ಸೆಪ್ಟೆಂಬರ್ 16

ಅಪ್ಪಾ,

ಎರಡು ಲಕೋಟೆಯೂ ಬಂದವು. ತುಂಬಾ ಥ್ಯಾಂಕ್ಸ್. ಸೆಪ್ಟೆಂಬರಿನ ಎಂಟು ದಿನ ಮಾತ್ರ ಹಾಕಿದರೆ ಗ್ರಾಫ್ ಬೋಳು ಬೋಳಾಗಿ ಕಾಣುತ್ತದೆ, ಅದಕ್ಕೇ ಆಗಸ್ಟನ್ನೂ ಸೇರಿಸಿದೆ. ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ. ನಡುವೆ ಕೆಲವು ದಿನ ಗೆರೆ ಎಷ್ಟು ನಯವಾಗಿದೆ ಎಂದರೆ ಸ್ಕೇಲ್ ಇಟ್ಟು ಎಳೆದೆಯಾ ಎಂದು ರೂಮ್‌ಮೇಟ್ ಕೇಳಿದಳು. ನಮ್ಮಪ್ಪನ ಗೋಡೆ ಅದು, ಅಲ್ಲಾಡಲ್ಲ ಎಂದೆ.

ಈಗ ಒಂದು ಹೇಳಬೇಕು. ಫೋನಿನಲ್ಲಾದರೆ ಖಂಡಿತ ಹೇಳುತ್ತಿರಲಿಲ್ಲ. ನಾನು ಲ್ಯಾಬ್‌ನಲ್ಲಿ ಸಿಕ್ಕಿಬಿದ್ದೆ. ಒಂದು ಉಕ್ಕಿನ ಸರಳಿನ ದಪ್ಪವನ್ನು ಬೇರೆ ಬೇರೆ ಕಡೆ ಅಳೆದು ಮೂವತ್ತು ರೀಡಿಂಗ್ ಬರೆಯಬೇಕಿತ್ತು. ನಾನು ನಾಲ್ಕು ತೆಗೆದುಕೊಂಡೆ. ಉಳಿದ ಇಪ್ಪತ್ತಾರನ್ನು ಅದರ ಆಸುಪಾಸಿನಲ್ಲೇ ಕೂತಲ್ಲಿ ಬರೆದೆ. ಅರ್ಧ ಕ್ಲಾಸು ಹಾಗೇ ಮಾಡುತ್ತದೆ. ಆದರೆ ಲ್ಯಾಬ್ ಸರ್ ಕರೆದದ್ದು ನನ್ನನ್ನು. ಬೈಯಲಿಲ್ಲ, ಮೆಲ್ಲಗೆ ಹೇಳಿದರು: "ಕೊನೇ ಅಂಕಿ ನೋಡಮ್ಮ. ಒಂದೂ ಸೊನ್ನೆ ಇಲ್ಲ, ಒಂದೂ ಐದು ಇಲ್ಲ. ಮನಸ್ಸಿಂದ ಬರೆಯೋರಿಗೆ ಸೊನ್ನೆ ಬರೆಯೋಕೆ ಭಯ. ಅಂದಾಜಿಗೆ ಬರೆದಿದ್ದಾಳೆ ಅಂತಾರೇನೋ ಅಂತ. ಉಪಕರಣಕ್ಕೆ ಆ ಭಯ ಇರಲ್ಲ." ಎಲ್ಲವನ್ನೂ ಮತ್ತೆ ಮಾಡಬೇಕಂತೆ.

ನೀವು ಇಪ್ಪತ್ತಾರು ವರ್ಷ ಅಳತೆ ಮಾಡಿದವರು. ನಿಮ್ಮ ಮಗಳು ಮೊದಲ ಸೆಮಿಸ್ಟರಿನಲ್ಲೇ ಹೀಗೆ. ಬೈಯಬೇಕೆಂದಿದ್ದರೆ ಪತ್ರದಲ್ಲೇ ಬೈಯಿರಿ.

ಮಗಳು


ಸೆಪ್ಟೆಂಬರ್ 21

ಮರಿ,

ಪತ್ರ ಸಿಕ್ಕಿತು. ಅಳೆಯದೆ ಬರೆಯಬಾರದು. ಮತ್ತೆ ಮಾಡು ಅಂದರಲ್ಲ, ಮಾಡಿಬಿಡು. ಅದರ ಬಗ್ಗೆ ಇನ್ನು ಯೋಚಿಸಬೇಡ.

ಆಗಸ್ಟ್ ಪುಟಗಳನ್ನು ತೆಗೆದುಬಿಡು. ಗ್ರಾಫ್ ಬೋಳಾದರೆ ಆಗಲಿ.

ಒಡೆಯುವ ದಿನ ಗೊತ್ತಾಯಿತು, ಅಕ್ಟೋಬರ್ 6. ಮೇಸ್ತ್ರಿ ಮತ್ತು ಏಳು ಜನ. ನಿನಗೆ ಅವನ ನೆನಪಿರಬಹುದು, ಎಲ್ಲದಕ್ಕೂ ಅರ್ಧ ಗಂಟೆ ತಡವಾಗಿ ಬರುತ್ತಾನೆಂದು ಎಲ್ಲರೂ 'ಗಡಿಯಾರ' ಎಂದು ಕರೆಯುತ್ತಾರೆ. ನೀನು ಚಿಕ್ಕವಳಿದ್ದಾಗ ನಿನ್ನನ್ನು ಟ್ರಾಲಿಯಲ್ಲಿ ಕೂರಿಸಿ ತಳ್ಳಿದ್ದವನು.

ಇಲ್ಲಿ ವಿಶೇಷ ಏನಿಲ್ಲ.

ಅಪ್ಪ


ಸೆಪ್ಟೆಂಬರ್ 25

ಅಪ್ಪಾ,

ಇದನ್ನು ನಾಲ್ಕು ಸಲ ಬರೆದು ಹರಿದು ಹಾಕಿದ್ದೇನೆ. ನಾನು ಫಸ್ಟ್ ಇಯರ್, ನನಗೇನೂ ಗೊತ್ತಿಲ್ಲ, ನಾನು ಹೇಳುವುದು ಪೂರ್ತಿ ತಪ್ಪಿರಬಹುದು. ತಪ್ಪಿದ್ದರೆ ನಕ್ಕುಬಿಡಿ.

ಆಗಸ್ಟ್ ತೆಗೆ ಎಂದು ನೀವು ಎರಡು ಸಲ ಹೇಳಿದಿರಿ. ಒಂದು ಸಲ ಹೇಳಿದ್ದರೆ ತಲೆಗೇ ಹಾಕಿಕೊಳ್ಳುತ್ತಿರಲಿಲ್ಲ. ನಿನ್ನೆ ಮಧ್ಯಾಹ್ನ ಆ ಪುಟಗಳನ್ನು ಮಂಚದ ಮೇಲೆ ಹರಡಿಕೊಂಡು ಕೊನೆಯ ಅಂಕಿಗಳನ್ನು ಎಣಿಸಿದೆ. ಆಗಸ್ಟ್ 13ರಿಂದ 23ರವರೆಗೆ ಹನ್ನೊಂದು ದಿನ, ಮೂವತ್ತಮೂರು ರೀಡಿಂಗ್. ಒಂದೂ ಸೊನ್ನೆ ಇಲ್ಲ. ಒಂದೂ ಐದು ಇಲ್ಲ. ಆಮೇಲಿನ ಹನ್ನೊಂದು ದಿನದಲ್ಲಿ ಎರಡೂ ಸೇರಿ ಏಳಿವೆ. ಅಕ್ಷರ ನಿಮ್ಮದೇ. ಅಂಕಿಗಳು ನನ್ನ ಲ್ಯಾಬ್ ರೆಕಾರ್ಡಿನ ಹಾಗಿವೆ.

24ರ ಪುಟದಲ್ಲಿ 'ಕೊಕ್ಕೆಗೆ ಯಂತ್ರ ತಾಗಿ ಬಾಗಿದೆ, ಹೊಸದು ಹಾಕಲಾಗಿದೆ, ಇಲ್ಲಿಂದ ಹೊಸ ಲೆಕ್ಕ' ಎಂದು ಬರೆದಿದ್ದೀರಿ. ಅದು ನಿಜವಾ?

ಇವತ್ತು ಅಸೈನ್‌ಮೆಂಟ್ ಕೊಟ್ಟೆ. ಸೆಪ್ಟೆಂಬರ್ ಮಾತ್ರ ಇದೆ. 'ಉಳಿದ ಡೇಟಾ ಲಭ್ಯವಿಲ್ಲ' ಎಂದು ಬರೆದೆ. ಪುಟಗಳು ಸೂಟ್‌ಕೇಸಿನ ತಳದಲ್ಲಿವೆ. ನಾನು ನಿಮಗೋಸ್ಕರ ಏನನ್ನಾದರೂ ಮುಚ್ಚಿಟ್ಟದ್ದು ಇದೇ ಮೊದಲು. ಮಾಡಬಹುದಾ ಎಂದು ಕೇಳಲು ಯಾರೂ ಇಲ್ಲ.

ನೀವು ಆ ದಿನಗಳಲ್ಲಿ ಸುರಂಗದೊಳಗೆ ಹೋಗಿಯೇ ಇಲ್ಲವಾದರೆ ಅಕ್ಟೋಬರ್ 6ಕ್ಕೆ ಮೊದಲು ಯಾರಿಗಾದರೂ ಹೇಳಿ. ನನಗೆ ಉತ್ತರ ಬರೆಯದಿದ್ದರೂ ಪರವಾಗಿಲ್ಲ.

ಮಗಳು


ಅಕ್ಟೋಬರ್ 1

ಅಪ್ಪಾ,

ಉತ್ತರ ಬರಲಿಲ್ಲ. ಇವತ್ತು ಬೆಳಿಗ್ಗೆ ಫೋನ್ ಮಾಡಿದೆ. ನೀವು 'ಊಟ ಆಯ್ತಾ' ಎಂದಿರಿ. ಬೆಳಿಗ್ಗೆ ಎಂಟೂವರೆ ಆಗಿತ್ತು. ನಾನೂ 'ಆಯ್ತು' ಎಂದೆ. ಪತ್ರ ಸಿಕ್ತಾ ಎಂದರೆ ಸಿಕ್ತು ಎಂದಿರಿ. ಆಮೇಲೆ ನಾವಿಬ್ಬರೂ ಎಷ್ಟು ಹೊತ್ತು ನಿಂತಿದ್ದೆವೋ ಗೊತ್ತಿಲ್ಲ. ಹಿಂದೆ ನಾಲ್ಕು ಹುಡುಗಿಯರು ಫೋನಿಗೆ ಕಾಯುತ್ತಿದ್ದರು. ಇಟ್ಟುಬಿಟ್ಟೆ.

ಈ ಪತ್ರ ನಿಮಗೆ ನಾಲ್ಕರ ಹೊತ್ತಿಗೆ ಸಿಗಬಹುದು. ನಾಲ್ಕನೇ ತಾರೀಖು ಸಂಜೆ ನಾನು ಮತ್ತೆ ಫೋನ್ ಮಾಡುತ್ತೇನೆ. ನಿಮ್ಮನ್ನು ಕರೆಯಿರಿ ಎನ್ನುವುದಿಲ್ಲ. ನಿಮ್ಮ ಮೇಲಿನ ಇಂಜಿನಿಯರ್ ಮೇಡಂ ಅವರನ್ನು ಕರೆಯಿರಿ ಎನ್ನುತ್ತೇನೆ. ಆ ಪುಟಗಳು ನನ್ನ ಕೈಯಲ್ಲಿರುತ್ತವೆ.

ಎಂಟು ಜನ ಅಪ್ಪ.

ಕೋಪದಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಕೋಪ ಬರಬೇಕಿತ್ತು, ಬರುತ್ತಿಲ್ಲ. ಅಮ್ಮ ಹೋದಾಗಿನಿಂದ ಏನೂ ಸರಿಯಾಗಿ ಬರುತ್ತಿಲ್ಲ.

ಮಗಳು


ಅಕ್ಟೋಬರ್ 8

ಮರಿ,

ಒಂದನೇ ತಾರೀಖಿನ ಪತ್ರ ನಾಲ್ಕಕ್ಕೆ ಬರಲಿಲ್ಲ, ಗಾಡಿ ಕೆಟ್ಟಿತ್ತು. ನಿನ್ನೆ ಬಂತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಕ್ರಮವಾಗಿ ಬರೆಯುತ್ತೇನೆ.

ಆಗಸ್ಟ್ 12ಕ್ಕೆ ನಾನು ಮನೆ ಬಿಟ್ಟದ್ದು ಕೆಲಸ ಮಾಡಬೇಕೆಂದು ಅಲ್ಲ. ಮನೆಯಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಇಲ್ಲಿ ಯಾರೂ ನೋಡುವುದಿಲ್ಲ ಎಂದುಕೊಂಡೆ. 13ರ ಬೆಳಿಗ್ಗೆ ಟೇಪು ತೆಗೆದುಕೊಂಡು ಸುರಂಗದ ಬಾಯಿಯವರೆಗೆ ಹೋದೆ. ಒಳಗೆ ಹೋಗಲಿಲ್ಲ. ಹೆದರಿಕೆ ಏನಿರಲಿಲ್ಲ. ಕಾಲು ಎತ್ತಿಡಬೇಕು ಎನ್ನುವುದು ಹೊಳೆಯಲಿಲ್ಲ, ಅಷ್ಟೇ. ಉಪಕರಣ ಇಡುವ ಶೆಡ್ಡಿಗೆ ವಾಪಸು ಬಂದು ಕೂತೆ. ಸಂಜೆ ಗುಮಾಸ್ತರು ಪುಸ್ತಕ ಕೇಳಿದಾಗ ಊರಿಗೆ ಹೋಗುವ ಮೊದಲಿನ ದಿನಗಳ ಆಸುಪಾಸಿನಲ್ಲಿ ಮೂರು ಅಂಕಿ ಬರೆದು ಕೊಟ್ಟೆ. ಹನ್ನೊಂದು ದಿನ ಹಾಗೇ. ದಿನಾ ಬೆಳಿಗ್ಗೆ ಟೋಪಿ ಹಾಕಿಕೊಂಡು, ಟೋಪಿಯ ದೀಪ ಹೊತ್ತಿಸಿಕೊಂಡು ಶೆಡ್ಡಿನಲ್ಲಿ ಕೂರುತ್ತಿದ್ದೆ. ಇನ್ನೇನು ಎದ್ದು ಹೋಗುತ್ತೇನೆ ಎಂದು. ಹಗಲು ಹೊತ್ತು.

24ಕ್ಕೆ ಹೇಗೋ ಹೋದೆ. ಅಳೆದೆ. ನಾನು ಬರೆದಿದ್ದಕ್ಕಿಂತ ನಾಲ್ಕೂವರೆ ಮಿಲಿಮೀಟರ್ ಕಡಿಮೆ ಬಂತು. ಮೂರು ಸಲ ಅಲ್ಲ, ಒಂಬತ್ತು ಸಲ ಅಳೆದೆ. ಗೋಡೆಗಳು ಅಷ್ಟು ಹತ್ತಿರ ಬಂದಿದ್ದವು, ನಾನು ನೋಡದೆ ಇದ್ದಾಗ. ಆಗಲೇ ಹೇಳಬೇಕಿತ್ತು. ಸುತ್ತಿಗೆ ತೆಗೆದುಕೊಂಡು ಒಂದು ಕೊಕ್ಕೆಯನ್ನು ನಾನೇ ಬಾಗಿಸಿದೆ. ಹೊಸದು ಬಡಿದರೆ ಹೊಸ ಲೆಕ್ಕ ಶುರುವಾಗುತ್ತದೆ, ಹಳೆಯದರೊಂದಿಗೆ ಹೋಲಿಸುವಂತಿಲ್ಲ. ಅದು ನನ್ನಂಥವನಿಗೆ ಮಾತ್ರ ಹೊಳೆಯುವ ಉಪಾಯ. ಆಮೇಲೆ ಬರೆದದ್ದೆಲ್ಲ ನಿಜ. ಗೋಡೆ ಆಮೇಲೆ ಹೆಚ್ಚು ಒತ್ತಲಿಲ್ಲ, ಆದ್ದರಿಂದ ಇನ್ನು ಒತ್ತುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ನೀನು ಲ್ಯಾಬಿನ ವಿಷಯ ಬರೆದಾಗ ಪುಸ್ತಕ ತೆರೆದು ನೋಡಿದೆ. ಸರಿಯಾಗಿ ನಿನ್ನ ಸರ್ ಹೇಳಿದ ಹಾಗೇ ಇತ್ತು. ಆದರೂ ನಿನಗೆ ಉಪದೇಶ ಬರೆದು ಕಳಿಸಿದೆ.

ಒಂದನೇ ತಾರೀಖು ನೀನು ಫೋನ್ ಇಟ್ಟ ಮೇಲೆ ಗುಮಾಸ್ತರು "ಏನಂದ್ಲು ಮಗಳು" ಎಂದು ಕೇಳಿದರು. ಏನೂ ಹೇಳಲಿಲ್ಲ ಎಂದೆ. ರಿಸೀವರ್ ಇಟ್ಟು ನೇರ ಮೇಡಂ ಹತ್ತಿರ ಹೋದೆ. ಆಗಸ್ಟಿನ ಹನ್ನೊಂದು ದಿನ ನಾನು ಅಳೆದಿಲ್ಲ, ಕೊಕ್ಕೆ ಬಾಗಿಸಿದ್ದೂ ನಾನೇ ಎಂದೆ. ನನಗಿಂತ ಹದಿನೈದು ವರ್ಷ ಚಿಕ್ಕವರು. ಕೂಗಾಡುತ್ತಾರೆ ಎಂದುಕೊಂಡಿದ್ದೆ.

"ಹನ್ನೊಂದು ದಿನ ಎಲ್ಲಿದ್ರಿ?"

"ಶೆಡ್ಡಲ್ಲಿ."

"ಏನ್ ಮಾಡ್ತಿದ್ರಿ?"

"ಕೂತಿದ್ದೆ."

ಅವರು ಫೋನ್ ಎತ್ತಿ, ಆರನೇ ತಾರೀಖಿನ ಕೆಲಸ ರದ್ದು ಎಂದು ಹೇಳಿದರು. ಮಾರನೇ ದಿನ ಬಲಗಡೆ ಗೋಡೆಯ ಹಿಂದಕ್ಕೆ ಉದ್ದ ತೂತು ಕೊರೆಸಿದರು. ನಾಲ್ಕನೆಯ ತೂತಿನಲ್ಲಿ ಕಂದು ನೀರು ಬಂತು. ಮಧ್ಯಾಹ್ನದವರೆಗೂ ಹರಿಯಿತು. ಹಿಂದೆ ಮಣ್ಣು ನೆನೆದು ಮುದ್ದೆಯಾಗಿತ್ತು. ನಡುಗೋಡೆ ಒಂದೇ ಅದನ್ನು ತಡೆದು ನಿಲ್ಲಿಸಿತ್ತು. ಎಲ್ಲರೂ ಬೂಟಿನ ಸುತ್ತ ಹರಿಯುತ್ತಿದ್ದ ನೀರು ನೋಡುತ್ತ ನಿಂತಿದ್ದೆವು. ಈಗ ನೀರು ಬಸಿಯಲು ಕೊಳವೆ ಹಾಕಿದ್ದಾರೆ, ಎರಡೂ ಕಡೆ ಆಸರೆ ಕೊಟ್ಟಿದ್ದಾರೆ. ಇನ್ನು ಎರಡು ತಿಂಗಳು ಗೋಡೆ ಮುಟ್ಟುವುದಿಲ್ಲ.

ನಾಲ್ಕನೇ ತಾರೀಖು ನೀನು ಹೇಳಿದ ಹಾಗೇ ಮೇಡಂಗೆ ಫೋನ್ ಮಾಡಿದೆಯಂತೆ. ತಮಗೆ ಮೊದಲೇ ಗೊತ್ತು ಎಂದು ಅವರು ತಕ್ಷಣ ಹೇಳಲಿಲ್ಲವಂತೆ, ನೀನು ಪೂರ್ತಿ ಹೇಳಿ ಮುಗಿಸುವವರೆಗೆ ಕಾದರಂತೆ. "ತಾರೀಖಿನ ಸಮೇತ ಎಲ್ಲ ಹೇಳಿದ್ಲು" ಎಂದರು.

ನಾನು ಇನ್ನು ಅಳತೆಯ ಕೆಲಸದಲ್ಲಿಲ್ಲ. ವಿಚಾರಣೆ ಆಗುತ್ತದೆ. ಅಲ್ಲಿಯವರೆಗೆ ಕ್ಯಾಂಪ್ ಬಿಟ್ಟಿರಬೇಕು. ಅದು ಸರಿಯೇ.

ಗಡಿಯಾರ ನಿನ್ನೆ ನನ್ನ ಕೋಣೆಗೆ ಬಂದ. ಬೈಯಲಿಕ್ಕೇ ಬಂದಿದ್ದಾನೆ ಎಂದು ಎದ್ದು ನಿಂತೆ. ಅವನು ಮಂಚದ ತುದಿಯಲ್ಲಿ ಕೂತು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ನೀನು ಒಳಗೆ ಬರ್ತಿಲ್ಲ ಅಂತ ನಮಗೆಲ್ಲ ಗೊತ್ತಿತ್ತು ಮಾರಾಯ. ನಾವು ದಿನಾ ಅಲ್ಲೇ ಇದ್ವಲ್ಲ. ಹೇಳಿದ್ರೆ ನಿನ್ನ ಮನೆಗೆ ಕಳಿಸ್ತಾರೆ, ಮನೇಲಿ ಯಾರಿದ್ದಾರೆ ಅಂತ ಸುಮ್ಮನಿದ್ವಿ. ಅಷ್ಟು ದಿನ ಕೂರ್ಲಿ ಬಿಡು ಅಂದ್ಕೊಂಡ್ವಿ."

ಎಂಟು ಜನಕ್ಕೂ ಗೊತ್ತಿತ್ತು. ಆ ಗೋಡೆಯನ್ನು ಒಡೆಯಬೇಕಿದ್ದವರೂ ಅವರೇ. ಪುಸ್ತಕದಲ್ಲಿ ನಾನು ಏನು ಬರೆದಿದ್ದೇನೆ ಎಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಹದಿಮೂರಕ್ಕೆ ಇಲ್ಲಿಂದ ಹೊರಡುತ್ತೇನೆ. ಮನೆಗೆ ಹೋಗುವ ಮೊದಲು ಹದಿನೈದಕ್ಕೆ ನಿನ್ನ ಹಾಸ್ಟೆಲಿಗೆ ಬರಬಹುದಾ? ಬೇಡವೆಂದರೆ ಬರುವುದಿಲ್ಲ. ನೀನು ಚೆನ್ನಾಗಿದ್ದೇನೆ ಎಂದು ಬರೆದಿದ್ದೆ, ನಾನೂ ಅಷ್ಟಕ್ಕೇ ಬಿಟ್ಟಿದ್ದೆ.

ಅಪ್ಪ


ಅಕ್ಟೋಬರ್ 10

ಅಪ್ಪಾ,

ನಿಮ್ಮ ಪತ್ರ ಈ ಸಲ ಎರಡೇ ದಿನಕ್ಕೆ ಬಂತು. ಇದನ್ನು ಈಗಲೇ ಸ್ಪೀಡ್ ಪೋಸ್ಟ್ ಮಾಡುತ್ತೇನೆ, ಹದಿಮೂರರೊಳಗೆ ಸಿಗಲಿ.

ಇಲ್ಲಿ ಯಾರಾದರೂ ನೋಡಲು ಬರುವುದಿದ್ದರೆ ಮೊದಲೇ ಫಾರ್ಮ್ ತುಂಬಬೇಕು. ಬರುವವರು ಯಾರು, ಸಂಬಂಧವೇನು, ಕಾರಣವೇನು. ಸಂಬಂಧದ ಜಾಗದಲ್ಲಿ ತಂದೆ ಎಂದು ಬರೆದು, ಕಾರಣವನ್ನು ಖಾಲಿ ಬಿಟ್ಟು ಕೊಟ್ಟೆ. ವಾರ್ಡನ್ ಮೇಡಂ ವಾಪಸು ಕೊಟ್ಟು, ಸೆಮಿಸ್ಟರ್ ನಡುವೆ ಸುಮ್ಮನೆ ಬಿಡಲಾಗುವುದಿಲ್ಲ, ಕಾರಣ ಬೇಕೇ ಬೇಕು ಎಂದರು. ಅಲ್ಲೇ ಕೌಂಟರಿನ ಮೇಲೆ ಇಟ್ಟುಕೊಂಡು 'ತಾಯಿ ತೀರಿಕೊಂಡಿದ್ದಾರೆ' ಎಂದು ಬರೆದೆ.

ಅವರು ಓದಿ, ಯಾವಾಗ ಎಂದು ಕೇಳಿದರು. ಆಗಸ್ಟ್ ಒಂಬತ್ತು ಎಂದೆ. ಅವರು ರಿಜಿಸ್ಟರ್ ತೆಗೆದು ಹಿಂದಕ್ಕೆ ತಿರುವಿದರು. ಆಗ ನಾನು ರಜಾ ಫಾರ್ಮಿನಲ್ಲಿ 'ಮನೆಯಲ್ಲಿ ಸಮಾರಂಭ' ಎಂದು ಬರೆದು ಹೋಗಿದ್ದೆ ಅಪ್ಪ. ಅಕ್ಷರ ನನ್ನದೇ. ವಾಪಸು ಬಂದಾಗ ಸಮಾರಂಭ ಚೆನ್ನಾಗಾಯ್ತಾ ಎಂದು ರೂಮ್‌ಮೇಟ್ ಕೇಳಿದ್ದಳು, ಚೆನ್ನಾಗಾಯ್ತು ಎಂದಿದ್ದೆ.

"ಎರಡು ತಿಂಗಳಿಂದ ಯಾರಿಗೂ ಹೇಳಿಲ್ವಾ?" ಎಂದರು.

"ಇಲ್ಲ" ಎಂದೆ.

ಭೇಟಿಗೆ ಒಂದು ಗಂಟೆ ಎಂದು ಫಾರ್ಮಿನಲ್ಲೇ ಅಚ್ಚಾಗಿರುತ್ತದೆ. ಅವರು ಅದನ್ನು ಹೊಡೆದುಹಾಕಿ 'ಸಂಜೆವರೆಗೆ' ಎಂದು ಬರೆದು ಸಹಿ ಹಾಕಿದರು. ಅಷ್ಟು ಹೊತ್ತು ನಾವಿಬ್ಬರೂ ಏನು ಮಾತಾಡಬೇಕೋ ನನಗೆ ಗೊತ್ತಿಲ್ಲ. ಗೇಟಿನ ಒಳಗೆ ಎಡಗಡೆ ಒಂದು ಸಿಮೆಂಟ್ ಬೆಂಚಿದೆ, ಹತ್ತು ಗಂಟೆಯಿಂದ ಅಲ್ಲಿರುತ್ತೇನೆ.

ಬನ್ನಿ.

ಮಗಳು